ನಡೆಯದ ಡಿಕ್ಕಿಗೆ ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಾನು ಕುಂಬಳೆಯವನು, ಸಂಖ್ಯಾಶಾಸ್ತ್ರದ ಪದವಿ ವಿದ್ಯಾರ್ಥಿ. ಎತ್ತರದ ಅಂತರ ತಪ್ಪಿ ಆಗುವ ಮಾರಕ ವಿಮಾನ ಅಪಘಾತ 100 ಕೋಟಿ ಹಾರಾಟ ಗಂಟೆಗೆ 5ನ್ನು ಮೀರಬಾರದಂತೆ. ಇಷ್ಟು ಅಪರೂಪದ್ದನ್ನು ಎಣಿಸುವುದು ಹೇಗೆ? 2010ರ ಮಂಗಳೂರು ದುರಂತ ಈ ಲೆಕ್ಕಕ್ಕೆ ಸೇರುತ್ತದೆಯೇ?

ಉತ್ತರ: ಎಣಿಸಲು ಬರುವುದಿಲ್ಲ. ಒಂದೂ ಅಪಘಾತವಿಲ್ಲದ ಹಾರಾಟವನ್ನೇ ತೋರಿಸಿ ಶೇ 95ರ ಭರವಸೆಯಲ್ಲಿ ಆ ಮಿತಿಯನ್ನು ಸಾಧಿಸಲು 60 ಕೋಟಿ ಗಂಟೆ ಬೇಕು (3ನ್ನು ಮಿತಿಯಿಂದ ಭಾಗಿಸಿ ನೋಡಿ). ಅದಕ್ಕೇ 1960ರ ದಶಕದಲ್ಲಿ ಬ್ರಿಟನ್ನಿನ ಪಿ.ಜಿ. ರೈಕ್ ಬೇರೆ ದಾರಿ ಹಿಡಿದರು. ವಿಮಾನವೆಂದರೆ ಉದ್ದ, ಅಗಲ, ಎತ್ತರವಿರುವ ಒಂದು ಪೆಟ್ಟಿಗೆ. ಮೇಲೊಂದು ಕೆಳಗೊಂದು ಪೆಟ್ಟಿಗೆ ಗಂಟೆಗೆಷ್ಟು ಸಲ ದಾಟುತ್ತವೆ, ಆಗ ಅಡ್ಡಡ್ಡಲಾಗಿ ಒಂದೇ ನೇರಕ್ಕೆ ಬರುವ ಸಂಭವವೆಷ್ಟು, ನಡುವೆ ಇರಬೇಕಾದ 1000 ಅಡಿ ಎತ್ತರದ ಅಂತರ ಕರಗಿಹೋಗುವ ಸಂಭವವೆಷ್ಟು? ಇವುಗಳ ಗುಣಲಬ್ಧಕ್ಕೆ ವೇಗ ಮತ್ತು ಗಾತ್ರದ ತಿದ್ದುಪಡಿ ಸೇರಿಸಿದರೆ ಸೂತ್ರ ಮುಗಿಯಿತು. ಮೊದಲಿನೆರಡಕ್ಕೆ ರಡಾರ್ ದಾಖಲೆ ಇದೆ. ಪೇಚಾಟವೆಲ್ಲ ಮೂರನೆಯದ್ದು.

ಎತ್ತರದ ದೋಷಕ್ಕೆ ನಿಮಗೆ ಮೊದಲು ನೆನಪಾಗುವುದು ಗಂಟೆಯಾಕಾರದ ನಾರ್ಮಲ್ ವಿತರಣೆ. ಅಲ್ಲೇ ಎಡವುವುದು. ಮಾನಕ ವಿಚಲನೆ (ದೋಷಗಳು ಎಷ್ಟು ಹರಡಿವೆ ಎಂಬ ಅಳತೆ) ಸುಮಾರು 71 ಅಡಿ ಎಂದುಕೊಳ್ಳಿ. 500 ಅಡಿ ಮೀರಿ ತಪ್ಪುವ ಸಂಭವ ನಾರ್ಮಲ್‌ನಲ್ಲಿ ಲಕ್ಷ ಕೋಟಿಗೆ ಒಂದೆರಡು. ಅದೇ ವಿಚಲನೆಯ ಲಾಪ್ಲಾಸ್ ವಿತರಣೆಯಲ್ಲಿ ಲಕ್ಷಕ್ಕೆ ನಾಲ್ಕೈದು. ಸುಮಾರು ಎರಡೂವರೆ ಕೋಟಿ ಪಟ್ಟು ವ್ಯತ್ಯಾಸ! ನಡುಭಾಗದ ದತ್ತಾಂಶ ಎರಡಕ್ಕೂ ಹೆಚ್ಚುಕಮ್ಮಿ ಹೊಂದಿಕೊಂಡೀತು. ಉತ್ತರ ಇರುವುದು ಬಾಲದಲ್ಲಿ, ಅಂದರೆ ಅಂಚಿನ ಅಪರೂಪದ ದೊಡ್ಡ ದೋಷಗಳಲ್ಲಿ. ಹಾಗಾಗಿ ಬಾಲವನ್ನು ಬೇಕೆಂದೇ ದಪ್ಪಗೆ ಹಿಡಿಯುವುದು ಒಳ್ಳೆಯದು.

ಬಾಲವನ್ನು ಸರಿಯಾಗಿ ಹಿಡಿದರೂ ಮನುಷ್ಯರ ತಪ್ಪು ಹೊರಗೇ ಉಳಿಯುತ್ತದೆ. ಉಪಕರಣದ ದೋಷದಿಂದ 1000 ಅಡಿ ಅಳಿಯುವ ಸಂಭವಕ್ಕೆ ಅಂತರರಾಷ್ಟ್ರೀಯ ಮಿತಿ 100 ಕೋಟಿಗೆ 17. ಈಗ ಲಕ್ಷ ಗಂಟೆಯಲ್ಲಿ ಒಂದೇ ಒಂದು ವಿಮಾನ, ನಿಯಂತ್ರಕರು ಕೊಟ್ಟ ಎತ್ತರದ ಅನುಮತಿ ತಪ್ಪಾಗಿ ಕೇಳಿಸಿಕೊಂಡು, ಹತ್ತು ನಿಮಿಷ ಇನ್ನೊಂದರ ಎತ್ತರದಲ್ಲಿ ಹಾರಿತೆನ್ನಿ: 100 ಕೋಟಿಗೆ ಸುಮಾರು 1,667. ಒಂದೇ ಎತ್ತರವೆಂದರೂ ಎರಡೂ ತಾಗುವಷ್ಟು ಸಮನಾಗಿರುವುದು ಅರ್ಧದಷ್ಟು ಸಲ ಎಂದು ಬಿಟ್ಟರೂ ಐವತ್ತು ಪಟ್ಟು ಹೆಚ್ಚು. ಇಂಥ ತಪ್ಪಿನ ವರದಿಯಲ್ಲಿ ಎಷ್ಟು ಅಡಿ ತಪ್ಪಿತು ಎಂಬುದರಷ್ಟೇ ಎಷ್ಟು ನಿಮಿಷ ತಪ್ಪಿತ್ತು ಎಂಬುದೂ ಬೇಕಾಗುವುದು ಇದಕ್ಕೇ. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ಸತ್ತದ್ದೂ ಒಂದು ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗಿಳಿದದ್ದರಿಂದ.

ಒಂದು ತಮಾಷೆ: ಜಿಪಿಎಸ್ ನಿಖರವಾದಷ್ಟೂ ವಿಮಾನಗಳು ಗೆರೆ ಎಳೆದಂತೆ ಒಂದೇ ದಾರಿಯಲ್ಲಿ ಹಾರುತ್ತವೆ, ಅಡ್ಡ ನೇರಕ್ಕೆ ಬರುವ ಸಂಭವ ಏರುತ್ತದೆ. ಅದಕ್ಕಾಗಿ ಅವಕಾಶವಿರುವ ಸಾಗರ ಮಾರ್ಗಗಳಲ್ಲಿ ಪೈಲಟ್‌ಗಳು ಬೇಕೆಂದೇ ಒಂದೆರಡು ನಾಟಿಕಲ್ ಮೈಲು ಬಲಕ್ಕೆ ಸರಿದು ಹಾರುತ್ತಾರೆ.

ನಿಮ್ಮ ಎರಡನೇ ಪ್ರಶ್ನೆ. ಇಲ್ಲ, ಸೇರುವುದಿಲ್ಲ. 158 ಜನರನ್ನು ಬಲಿ ತೆಗೆದುಕೊಂಡ ಮಂಗಳೂರಿನದು ರನ್‌ವೇ ದಾಟಿದ ಅಪಘಾತ. ಅದಕ್ಕೆ ಘಟನಾ-ವೃಕ್ಷ ಹಾಕುತ್ತಾರೆ: ಒಂದಾದ ಮೇಲೆ ಒಂದು ಏನಾಗಬಹುದೆಂದು ಕೊಂಬೆ ಕೊಂಬೆಯಾಗಿ ಬರೆದು ಪ್ರತಿಯೊಂದಕ್ಕೂ ಸಂಭವ ಹಾಕುವ ಚಿತ್ರ. ಕ್ಯಾಪ್ಟನ್ ತಪ್ಪುವುದು ಸಾವಿರಕ್ಕೆ ಒಂದು, ಸಹ-ಪೈಲಟ್ ತಡೆಯದಿರುವುದು ನೂರಕ್ಕೆ ಒಂದು ಎಂದು ಊಹಿಸಿ ಗುಣಿಸಿದರೆ ಲಕ್ಷಕ್ಕೆ ಒಂದು. ಆದರೆ ಗುಣಿಸಲು ಆ ಎರಡೂ ಪರಸ್ಪರ ಸ್ವತಂತ್ರವಾಗಿರಬೇಕು. ಅಂದು ಸಹ-ಪೈಲಟ್ ಮೂರು ಸಲ ಇಳಿಯುವುದು ಬೇಡ, ಮೇಲೇರಿ ಎಂದಿದ್ದರು, ಕ್ಯಾಪ್ಟನ್ ಕೇಳಲಿಲ್ಲ. ಎರಡನೇ ಸಂಖ್ಯೆ ಮೊದಲನೆಯವರ ಕೈಯಲ್ಲೇ ಇತ್ತು. ನಿಮ್ಮ ವೃಕ್ಷದ ಆ ಕೊಂಬೆಗೆ ನೂರಕ್ಕೆ ಒಂದು ಬದಲು ಎರಡಕ್ಕೆ ಒಂದು ಹಾಕಿ, ಮತ್ತೆ ಗುಣಿಸಿ ನೋಡಿ.