ಮೊದಲು ಹೊಗೆ ನೋಡಿ, ಆಮೇಲೆ ಪಂಪ್ ಮಾತು

ಪ್ರಶ್ನೆ: ನನ್ನದು 2003ರ ಡೀಸೆಲ್ ಕ್ವಾಲಿಸ್. ನಿವೃತ್ತನಾದ ಮೇಲೆ ಓಡಾಟ ಕಡಿಮೆ, ವಾರಕ್ಕೆ ಎರಡು ಸಲ ತೆಗೆಯುತ್ತೇನೆ. ಡಿಸೆಂಬರ್‌ನಿಂದ ಬೆಳಿಗ್ಗೆ ಹೊತ್ತು ಒಂದೇ ಗೋಳು. ಡ್ಯಾಶ್‌ಬೋರ್ಡಿನ ಹೀಟರ್ ಲೈಟ್ ಆರಿದ ಮೇಲೆಯೇ ಸೆಲ್ಫ್ ಹೊಡೆಯುತ್ತೇನೆ, ಆದರೂ ನಾಲ್ಕೈದು ಸಲ ಹೊಡೆದ ಮೇಲಷ್ಟೇ ಹಿಡಿಯುತ್ತದೆ. ಅಷ್ಟರಲ್ಲಿ ಬಿಳಿ ಹೊಗೆ ಗೇಟಿನಾಚೆಗೂ ಹೋಗಿರುತ್ತದೆ, ಕಣ್ಣು ಉರಿಯುತ್ತದೆ. ಸ್ಟಾರ್ಟ್ ಆದ ಮೇಲೂ ಒಂದು ನಿಮಿಷ ಹೊಗೆ, ಗಡಗಡ ಮಿಸ್ಸಿಂಗ್. ಆಮೇಲೆ ದಿನವಿಡೀ ಮುಟ್ಟಿದರೆ ಸ್ಟಾರ್ಟ್. ಒಂದು ಗ್ಯಾರೇಜಿನಲ್ಲಿ ಬ್ಯಾಟರಿ ಬದಲಾಯಿಸಿದರು, ಏನೂ ಆಗಲಿಲ್ಲ. ಇನ್ನೊಂದು ಕಡೆ ಡೀಸೆಲ್ ಪಂಪ್ ಇಳಿಸಿ ಕ್ಯಾಲಿಬ್ರೇಷನ್ (ಅಳತೆ ಸರಿಪಡಿಸುವ ಕೆಲಸ) ಮಾಡಿಸಬೇಕು, 25,000 ಆಗುತ್ತದೆ ಅಂದರು. ಮಗಳು ‘ಕೊಟ್ಟುಬಿಡಿ ಅಪ್ಪಾ’ ಅನ್ನುತ್ತಿದ್ದಾಳೆ. ಪಂಪ್ ಮಾಡಿಸಲೇ, ಗಾಡಿ ಮಾರಲೇ?
ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಸದ್ಯಕ್ಕೆ ಎರಡೂ ಬೇಡ ಸಾರ್. ನಿಮ್ಮ ಕಾಗದದಲ್ಲೇ ಅರ್ಧ ಉತ್ತರ ಇದೆ. ಬಿಳಿ ಹೊಗೆ ಬರುತ್ತದೆ, ಕಣ್ಣು ಉರಿಯುತ್ತದೆ ಅಂತ ಬರೆದಿದ್ದೀರಲ್ಲ, ಅದು ಉರಿಯದೆ ಹಾಗೇ ಹೊರಬಿದ್ದ ಡೀಸೆಲ್ಲು. ಅಂದರೆ ಪಂಪ್ ಎಣ್ಣೆ ಕಳಿಸುತ್ತಿದೆ, ಅದನ್ನು ಎಂಜಿನ್ನಿನೊಳಗೆ ಚಿಮ್ಮಿಸುವ ನೊಝಲ್ ಬಿಡುತ್ತಿದೆ, ಬೆಂಕಿ ಹತ್ತುತ್ತಿಲ್ಲ. ಅಂಥ ಗಾಡಿಗೆ ಮೊದಲ ದಿನವೇ ಪಂಪ್ ಇಳಿಸುವುದು ಸರಿಯಲ್ಲ. ಸೆಲ್ಫ್ ಹೊಡೆದಾಗ ಹೊಗೆಯೇ ಬರದಿದ್ದರೆ ಮಾತು ಬೇರೆಯಿತ್ತು, ಆಗ ಡೀಸೆಲ್ ದಾರಿಯನ್ನು ಅನುಮಾನಿಸಬೇಕು.

ಬಿಳಿ ಹೊಗೆಗೆ ಇನ್ನೊಂದು ಕಾರಣವೂ ಉಂಟು, ಕೂಲೆಂಟ್ ಒಳಗೆ ಸೋರುವುದು. ಆದರೆ ಅದರ ವಾಸನೆ ಸಿಹಿ, ಕಣ್ಣು ಉರಿಯುವುದಿಲ್ಲ, ಎಂಜಿನ್ ಬಿಸಿಯಾದ ಮೇಲೂ ಹೊಗೆ ನಿಲ್ಲುವುದಿಲ್ಲ, ರೇಡಿಯೇಟರ್ ನೀರು ಇಳಿಯುತ್ತಾ ಹೋಗುತ್ತದೆ. ನಿಮ್ಮ ಗಾಡಿಯ ಹೊಗೆ ಒಂದು ನಿಮಿಷಕ್ಕೆ ಮುಗಿಯುತ್ತಿದೆ, ಆ ಭಯ ಬೇಡ. ಚಳಿಗೆ ಡೀಸೆಲ್ ಗಟ್ಟಿಯಾಗಿದೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನವೇ 1884ರ ಜನವರಿಯ 7.8 ಡಿಗ್ರಿ. ನಮ್ಮ ಈಗಿನ 14, 15 ಡಿಗ್ರಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ.

ಹಾಗಾದರೆ ಬೆಂಕಿ ಯಾಕೆ ಹತ್ತುತ್ತಿಲ್ಲ? ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ನಿಮ್ಮ ಗಾಡಿಯ ಕಾಲದ ಎಂಜಿನ್‌ಗಳಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್ಡಿನೊಳಗೆ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳದೊಳಗೆ, ಸಿಲಿಂಡರಿಗೊಂದು ಪುಟ್ಟ ಗುಂಡು ಕೋಣೆ ಇದೆ, ಮೊದಲು ಅಲ್ಲಿ ಹೊತ್ತಬೇಕು. ರಾತ್ರಿಯಿಡೀ ತಣ್ಣಗಾದ ಆ ಕೋಣೆಯ ಗೋಡೆ ಗಾಳಿಯ ಬಿಸಿಯನ್ನೆಲ್ಲ ಹೀರಿಕೊಂಡುಬಿಡುತ್ತದೆ. ಅದಕ್ಕೇ ಕೋಣೆಗೊಂದು ಹೀಟರ್ ಪ್ಲಗ್. ಕೆಲವೇ ಸೆಕೆಂಡಿನಲ್ಲಿ ಅದರ ತುದಿ 800 ಡಿಗ್ರಿ ದಾಟಿ ಕೆಂಪಗಾಗಬೇಕು. ಮಧ್ಯಾಹ್ನ ಹೆಡ್ ಬಿಸಿಯಿರುವಾಗ ಪ್ಲಗ್ಗಿನ ಹಂಗೇ ಇಲ್ಲ, ಅದಕ್ಕೇ ಮುಟ್ಟಿದರೆ ಸ್ಟಾರ್ಟ್. ಒಂದು ನಿಮಿಷದ ಮಿಸ್ಸಿಂಗ್ ಕೂಡ ಇದನ್ನೇ ಹೇಳುತ್ತಿದೆ: ಪ್ಲಗ್ ಕೆಲಸ ಮಾಡುವ ಸಿಲಿಂಡರ್ ಮೊದಲು ಹೊತ್ತಿತು, ಉಳಿದದ್ದು ಬಿಸಿಯಾಗುವವರೆಗೆ ಕಾಯಿತು.

‘ಹೀಟರ್ ಲೈಟ್ ಬಂದು ಆರುತ್ತದಲ್ಲ’ ಅಂತ ನೀವು ಕೇಳಬಹುದು. ನನ್ನ ಬಳಿ ಬರುವವರಲ್ಲಿ ಎಷ್ಟೋ ಜನ ಮೋಸಹೋಗುವುದು ಇಲ್ಲೇ. ಇಂಥ ಹಳೆಯ ಗಾಡಿಗಳಲ್ಲಿ ಆ ಲೈಟು ಟೈಮರ್ ಹೇಳಿದಂತೆ ಕೇಳುತ್ತದೆ, ಪ್ಲಗ್ಗನ್ನು ಕೇಳುವುದಿಲ್ಲ. ನಾಲ್ಕೂ ಪ್ಲಗ್ ಸುಟ್ಟಿದ್ದರೂ ಲೈಟು ಎಂದಿನಂತೆ ಬಂದು ಎಂದಿನಂತೆ ಆರಬಹುದು.

ಪರೀಕ್ಷೆ ಕಷ್ಟವಿಲ್ಲ. ಬಾನೆಟ್ ಎತ್ತಿದರೆ ಹೆಡ್ಡಿನ ಪಕ್ಕದಲ್ಲಿ ನಾಲ್ಕೂ ಪ್ಲಗ್‌ಗಳನ್ನು ಸೇರಿಸುವ ಒಂದು ತೆಳ್ಳನೆಯ ಪಟ್ಟಿ ಕಾಣುತ್ತದೆ. ಅದಕ್ಕೆ ಬರುವ ದಪ್ಪ ವೈರಿಗೆ, ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ, ಬೆಳಿಗ್ಗೆ ತಣ್ಣಗಿರುವಾಗ ಮೆಕ್ಯಾನಿಕ್ ಕೀ ತಿರುಗಿಸಿ ನೋಡಲಿ. ಒಂದು ಪ್ಲಗ್ಗು ಸುಮಾರು 10 ಆಂಪಿಯರ್ ಎಳೆದರೆ ನಾಲ್ಕಕ್ಕೆ 40ರ ಆಸುಪಾಸು ತೋರಿಸಬೇಕು. 20 ತೋರಿಸಿದರೆ ಎರಡು ಸತ್ತಿವೆ. ಸೊನ್ನೆಯಾದರೆ ಪ್ಲಗ್ಗಿಗಿಂತ ಮೊದಲು ರಿಲೇ (ಪ್ಲಗ್ಗಿಗೆ ಕರೆಂಟ್ ಬಿಡುವ ಸ್ವಿಚ್ಚು), ಫ್ಯೂಸ್ ನೋಡಿ. ಯಾವ ಪ್ಲಗ್ ಸತ್ತಿದೆ ಅಂತ ತಿಳಿಯಲು ಪಟ್ಟಿ ಬಿಚ್ಚಿ, ಒಂದೊಂದರ ತಲೆಗೂ ಎಂಜಿನ್ ಬಾಡಿಗೂ ಮಲ್ಟಿಮೀಟರ್ ಹಿಡಿಯಬೇಕು. ಚೆನ್ನಾಗಿರುವುದು ಒಂದು ಓಮ್ ಆಸುಪಾಸು ತೋರಿಸುತ್ತದೆ, ಸುಟ್ಟಿದ್ದು ಏನೂ ತೋರಿಸುವುದಿಲ್ಲ. ಬ್ಯಾಟರಿಯಿಂದ ನೇರ ವೈರ್ ಎಳೆದು ಪ್ಲಗ್ ಕೆಂಪಗಾಗುತ್ತಾ ಅಂತ ನೋಡುವ ಅಭ್ಯಾಸ ಕೆಲವರಿಗಿದೆ. ಪ್ಲಗ್ ಮೇಲೆ ಬರೆದ ವೋಲ್ಟ್ ಓದದೆ ಅದನ್ನು ಮಾಡಬಾರದು. ಎಲ್ಲ ಪ್ಲಗ್ಗೂ 12 ವೋಲ್ಟಿನದಲ್ಲ, 6 ವೋಲ್ಟಿನದಕ್ಕೆ ಹಾಗೆ ಕೊಟ್ಟರೆ ಕಣ್ಣೆದುರೇ ಸುಟ್ಟುಹೋಗುತ್ತದೆ. ಜೆ.ಸಿ. ರಸ್ತೆಗೆ ಪ್ಲಗ್ ತರಲು ಹೋಗುವಾಗಲೂ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲಿ ನಂಬರ್ ತಾಳೆ ನೋಡಿ. ತಂದರೆ ನಾಲ್ಕನ್ನೂ ಒಟ್ಟಿಗೇ ತನ್ನಿ.

ಬಿಚ್ಚುವಾಗ ಮಾತ್ರ ಅವಸರ ಬೇಡ. ನಾನು ಕೆಲಸ ಕಲಿಯುತ್ತಿದ್ದಾಗ, ಕಲಾಸಿಪಾಳ್ಯದ ಒಂದು ಶೆಡ್ಡಿನಲ್ಲಿ, ತಣ್ಣಗಿದ್ದ ಎಂಜಿನ್‌ಗೆ 12ರ ಸ್ಪ್ಯಾನರ್ ಹಾಕಿ ಜಗ್ಗಿದೆ. ಟಕ್ ಅಂತು. ಪ್ಲಗ್ಗಿನ ತಲೆ ನನ್ನ ಕೈಗೆ ಬಂತು, ಉಳಿದದ್ದು ಹೆಡ್ಡಿನಲ್ಲೇ ಕೂತಿತು. ಹೆಡ್ ಇಳಿಸಿ, ಲೇತ್‌ಗೆ ಒಯ್ದು, ಗ್ಯಾಸ್ಕೆಟ್ ಹೊಸದು ಹಾಕಿ ಎರಡು ದಿನ ಹಿಡಿಯಿತು. ಆ ಗಾಡಿ ಮಾರನೇ ದಿನ ಮದುವೆಗೆ ಹೋಗಬೇಕಿತ್ತು. ಅವರ ಮುಖ ನನಗೆ ಇನ್ನೂ ನೆನಪಿದೆ. ಅಂದಿನಿಂದ ಹಿಂದಿನ ರಾತ್ರಿಯೇ ಪ್ಲಗ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತೇನೆ, ಎಂಜಿನ್ ಬಿಸಿ ಮಾಡಿ, ಒಂಚೂರು ಬಿಚ್ಚಿ ಒಂಚೂರು ಬಿಗಿಸಿ ತಿರುಗಿಸುತ್ತೇನೆ. ನಿಮ್ಮ ಮೆಕ್ಯಾನಿಕ್‌ಗೂ ಹಾಗೇ ಹೇಳಿ.

ಹೊರಬಂದ ಹಳೆಯ ಪ್ಲಗ್‌ಗಳನ್ನು ಎಸೆಯಬೇಡಿ, ಸಿಲಿಂಡರ್ ಕ್ರಮದಲ್ಲೇ ಒಂದು ಪೇಪರ್ ಮೇಲೆ ಇಡಿ. ತುದಿ ಬರೀ ಮಸಿ ಹಿಡಿದಿದ್ದರೆ ವಯಸ್ಸಾಗಿದೆ, ಅಷ್ಟೇ. ಯಾವುದೋ ಒಂದರ ತುದಿ ಮಾತ್ರ ಕರಗಿದ್ದರೆ ಆ ಸಿಲಿಂಡರಿನ ನೊಝಲ್ ಸರಿಯಾಗಿ ಸಿಂಪಡಿಸುತ್ತಿಲ್ಲ, ತೊಟ್ಟಿಕ್ಕುತ್ತಿದೆ ಅನ್ನುವ ಅನುಮಾನ ಬರಬೇಕು. ಆಗ ನೊಝಲ್ ಟೆಸ್ಟ್ ಮಾಡಿಸದೆ ಹೊಸ ಪ್ಲಗ್ ಹಾಕಿದರೆ ಅದೂ ಬೇಗ ಹೋಗುತ್ತದೆ.

ಪ್ಲಗ್ ಹೊಸದಾದ ಮೇಲೂ ಬೆಳಿಗ್ಗೆ ಅದೇ ಕಥೆಯಾದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟ್ ನೋಡಿ. 9.5ಕ್ಕಿಂತ ಕೆಳಗಿಳಿದರೆ, ಬ್ಯಾಟರಿ ಹೊಸದಾಗಿರುವುದರಿಂದ, ನೋಡಬೇಕಾದ್ದು ಸೆಲ್ಫ್ ಮೋಟಾರನ್ನು. ವೋಲ್ಟ್ ಸರಿಯಿದ್ದೂ ಎಂಜಿನ್ ನಿಧಾನಕ್ಕೆ ತಿರುಗಿದರೆ ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿಸಿ. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತಿದೆ ಅನ್ನುವ ಅಳತೆ. ಇಂಥ ಎಂಜಿನ್‌ನಲ್ಲಿ 20 ಬಾರ್‌ಗಿಂತ ಇಳಿದ ಸಿಲಿಂಡರ್ ಚಳಿಗೆ ಹೊತ್ತುವುದು ಕಷ್ಟ, ಅಲ್ಲಿಂದ ಮುಂದೆ ದೊಡ್ಡ ಖರ್ಚು. ಪಂಪಿನ ಸರದಿ ಇವೆಲ್ಲ ಆದ ಮೇಲೆ.

ಅಷ್ಟರವರೆಗೆ ಬೆಳಿಗ್ಗೆ ಹೀಟರನ್ನು ಎರಡು ಸಲ ಕೊಟ್ಟು, ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಅರ್ಧ ನಿಮಿಷ ಬಿಡಿ. ಏರ್ ಫಿಲ್ಟರ್ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲು ಯಾರಿಗೂ ಬಿಡಬೇಡಿ. ಕೆಂಪಗಿರುವ ಪ್ಲಗ್ಗಿಗೆ ಅದು ತಗುಲಿದರೆ ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿ ಪಿಸ್ಟನ್ ಒಡೆಯಬಹುದು. ಮಾರುವ ಮಾತು ನಿಮ್ಮ ಮನೆಯದು. ಬಿಡದಿಯಲ್ಲಿ ತಯಾರಾಗಿ ಇಪ್ಪತ್ತು ವರ್ಷ ದಾಟಿದ ಗಾಡಿ, ಬಿಸಿಯಾದ ಮೇಲೆ ದಿನವಿಡೀ ತಕರಾರಿಲ್ಲದೆ ಓಡುತ್ತಿದೆ. ನಾನಾಗಿದ್ದರೆ ನಾಲ್ಕು ಪ್ಲಗ್ಗಿಗಾಗಿ ಅದನ್ನು ಕೊಡುತ್ತಿರಲಿಲ್ಲ.

ಪ್ರಶ್ನೆ: ನಮ್ಮದೂ ಹಳೆಯ ಡೀಸೆಲ್ ಕಾರು. ಮನೆ ಮುಂದಿನ ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸುತ್ತೇವೆ. ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಹೊಗೆಯೇ ಬರುವುದಿಲ್ಲ. ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಇಪ್ಪತ್ತು ಸಲ ಒತ್ತಿದರೆ ಸ್ಟಾರ್ಟ್. ಇದೂ ಹೀಟರ್ ಪ್ಲಗ್ಗೇ?
ಓದುಗರೊಬ್ಬರು, ಗಿರಿನಗರ

ಉತ್ತರ: ಅಲ್ಲ. ಏರ್ ಹಿಡಿಯುತ್ತಿದೆ. ರಾತ್ರಿ ಎಲ್ಲೋ ಒಂದು ಕಡೆ ಗಾಳಿ ನುಗ್ಗಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ. ಡೀಸೆಲ್ ಹೊರಗೆ ತೊಟ್ಟಿಕ್ಕದಿದ್ದರೂ ಗಾಳಿ ಒಳಗೆ ಹೋಗಬಹುದು, ನೆಲ ಒಣಗಿದೆ ಅಂತ ಸುಮ್ಮನಿರಬೇಡಿ. ಇವತ್ತು ರಾತ್ರಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ ನೋಡಿ. ಬೆಳಿಗ್ಗೆ ಒಂದೇ ಸಲಕ್ಕೆ ಹಿಡಿದರೆ ಅನುಮಾನವೇ ಬೇಡ. ಫಿಲ್ಟರ್‌ನಿಂದ ಪಂಪಿಗೆ ಹೋಗುವ ಪೈಪಿನ ಜಾಗಕ್ಕೆ ಒಂದು ದಿನದ ಮಟ್ಟಿಗೆ ಪಾರದರ್ಶಕ ಡೀಸೆಲ್ ಪೈಪ್ ಹಾಕಿಸಿದರೆ ಗುಳ್ಳೆ ಓಡುವುದು ಕಣ್ಣಿಗೇ ಕಾಣುತ್ತದೆ. ಮೊದಲು ಆ ಹ್ಯಾಂಡ್ ಪಂಪಿನ ಒಳಗಿನ ರಬ್ಬರ್ ನೋಡಿಸಿ, ಆಮೇಲೆ ಫಿಲ್ಟರ್ ಸೀಲು, ಆಮೇಲೆ ನೊಝಲ್‌ಗಳ ಮೇಲಿನ, ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ರಿಟರ್ನ್ ಪೈಪು, ಅದರ ವಾಷರ್‌ಗಳು. ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಆ ತುಂಡಷ್ಟೇ ಅಲ್ಲ, ಉದ್ದಕ್ಕೂ ಹೊಸದು ಹಾಕಿಸಿ.