ಜಾಣಕುರುಡಿಗೆ ಜಾಣತನ ಬೇಕು

ನಮಸ್ಕಾರ. 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣದಂದು ಗದಗಿನ ನಿವೃತ್ತ ವಿಜ್ಞಾನ ಮೇಷ್ಟ್ರು ಕಿಟಕಿ ಬಾಗಿಲು ಜಡಿದು ಕೂರುವ ನಿಮ್ಮ ಕಥೆ ಓದಿದೆವು. ಈಗಿರುವಂತೆ ಅಚ್ಚು ಹಾಕಲಾಗದು. ಕಥಾವಸ್ತುವನ್ನು ಮಾತ್ರ ಕೈಬಿಡಬೇಡಿ.

ಮೇಷ್ಟ್ರು ಮೊದಲ ಸಾಲಿನಲ್ಲೇ ಪೆದ್ದರು, ಹದಿನಾಲ್ಕನೇ ಪುಟದಲ್ಲೂ ಅಷ್ಟೇ ಪೆದ್ದರು. ಗೊತ್ತಿಲ್ಲದವನನ್ನು ಕಂಡು ನಕ್ಕರೆ ಅದು ಬರೀ ಅಣಕ. 2019ರ ಗ್ರಹಣದಂದು ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ, ವಾಸಿಯಾದೀತೆಂದು ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತವರದು ದಿಕ್ಕುಗೆಟ್ಟ ಆಸೆ; ವಿಡಂಬನೆಯ ಗುರಿ ಅವರಲ್ಲ. ಪಾಠ ಹೇಳಿಯೂ ನೋಡಲೊಲ್ಲದ ನಿಮ್ಮ ಮೇಷ್ಟ್ರು ಹೌದು. ಹಾಗಾಗಿ ಅವರ ಬುದ್ಧಿ ಹೆಚ್ಚಿಸಿ. ಬರಿಗಣ್ಣಲ್ಲಿ ಗ್ರಹಣ ನೋಡಿದರೆ ಅಕ್ಷಿಪಟ ಸುಡುತ್ತದೆ ಎನ್ನುವುದು ನಿಜ; ಅವರ ಮೊದಲ ನೆಪ ಅದೇ ಇರಲಿ. ಎರಡನೆಯದು ಇನ್ನೂ ನಾಜೂಕಾಗಿರಲಿ, ಮೂರನೆಯದಕ್ಕೆ ಬೆವರು ಬರಲಿ.

ಆ ಮೂರನೆಯದು ನಿಮ್ಮ ಕಥೆಯಲ್ಲೇ ಇದೆ, ನೀವು ಗಮನಿಸಿಲ್ಲ. ಪಡುವಣ ಕಿಟಕಿಯ ಹಲಗೆಯಲ್ಲಿ ಮೊಳೆ ಕಿತ್ತ ತೂತಿದೆ ಎಂದು ಬರೆದು ಮರೆತಿದ್ದೀರಿ. ಕಿಟಕಿ ಮುಚ್ಚಿದರೆ ಕೋಣೆಯೇ ಸೂಜಿರಂಧ್ರ ಕ್ಯಾಮೆರಾ! ಆ ತೂತಿನಿಂದ ಬಂದ ಬೆಳಕು ಒಳಗೆ ಸೂರ್ಯನ ಬಿಂಬ ಮೂಡಿಸುತ್ತದೆ. ಹತ್ತಡಿ ದೂರದಲ್ಲಿ, ನೆಲದ ಮೇಲೆ, ಸುಮಾರು ಒಂದಿಂಚು ಅಗಲದ ಸೂರ್ಯ, ಕಚ್ಚಿದ ಹಪ್ಪಳದ ಹಾಗೆ. ನೋಡಬಾರದೆಂದು ಮುಚ್ಚಿದ್ದಕ್ಕೇ ಅದು ಕಾಣಬೇಕು. ಮೇಷ್ಟ್ರು ಅದರ ಮೇಲೆ ಚಾಪೆ ಎಳೆಯಲಿ. ಬಿಂಬ ಚಾಪೆಯ ಮೇಲೂ ಬೀಳುತ್ತದಲ್ಲ, ಆಗೇನು ಮಾಡುತ್ತಾರೆ? ಆ ಜಾಗದಲ್ಲಿ ಎರಡು ಪುಟ ನಿಲ್ಲಿ. ವ್ಯಾಖ್ಯಾನ ಬೇಡ.

ಮೊಮ್ಮಗಳ ಭಾಷಣ, ಐದರಿಂದ ಎಂಟನೇ ಪುಟದವರೆಗೆ, ಪೂರ್ತಿ ತೆಗೆಯಿರಿ. ವಾದದಲ್ಲಿ ಗೆಲ್ಲುವ ಪಾತ್ರ ಬಂದೊಡನೆ ಓದುಗ ಅವಳ ಪಕ್ಕ ಹೋಗಿ ಕೂರುತ್ತಾನೆ. ತಾನೂ ಯಾವುದಕ್ಕೋ ಕಿಟಕಿ ಮುಚ್ಚಿದ್ದೇನೆಂಬ ಅನುಮಾನ ಅವನಿಗೆ ಬರುವುದೇ ಇಲ್ಲ. ಅವಳು 'ಅಜ್ಜಾ, ಇದೇನು?' ಎಂದಷ್ಟೇ ಕೇಳಲಿ.

ಇನ್ನೆರಡು ತಪ್ಪು. ನಿಮ್ಮ ಕಥೆಯಲ್ಲಿ ಅರ್ಧ ಗಂಟೆ ಕಗ್ಗತ್ತಲೆ. ಅಂದಿನ ಪೂರ್ಣಗ್ರಹಣ ಮೂರು ನಿಮಿಷವೂ ಇರಲಿಲ್ಲ. ಗದಗಿನ ಅಜ್ಜ 'ಏನು ಮಾಡೋದು ಮಗೂ' ಅನ್ನುವುದಿಲ್ಲ, 'ಏನ್ ಮಾಡೂದವ್ವಾ' ಅನ್ನುತ್ತಾನೆ.

ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಡುವ ಸಾಲನ್ನು ಮುಟ್ಟಬೇಡಿ, ಚೆನ್ನಾಗಿದೆ. ಎಂಟು ಪುಟಕ್ಕಿಳಿಸಿ ಮತ್ತೆ ಕಳಿಸಿ.