ಓದುಗರ ಪ್ರಶ್ನೆ, ನಮ್ಮ ಉತ್ತರ: ಮುಂದಿನ ಗಾಲಿಗಳ ಹಬ್ ಲಾಕ್

ರೋಹಿಣಿ ಮಳೆ ಹತ್ತಿರ ಬಂದಂತೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಂದ ಜೀಪುಗಳ ಬಗ್ಗೆ ಪತ್ರಗಳು ಬರತೊಡಗುತ್ತವೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಕೈಯಿಂದ ತಿರುಗಿಸುವ ಹಬ್ ಲಾಕ್‌ಗಳಿಗೆ ಸಂಬಂಧಿಸಿರುವುದರಿಂದ, ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಮುಂದಿನ ಗಾಲಿಯನ್ನು ಎಂಜಿನ್ನಿನ ಬಲಕ್ಕೆ ಬೇಕಾದಾಗ ಕೂಡಿಸಿ, ಬೇಡವಾದಾಗ ಬಿಡಿಸುವ ಸಾಧನವೇ ಹಬ್ ಲಾಕ್; ಗಾಲಿಯ ನಡುವಿನ ಡಯಲ್ ತಿರುಗಿಸಿ ಅದನ್ನು ಬದಲಿಸುತ್ತಾರೆ. ನಿರ್ವಾತದ ಕೊಳವೆಯಿಂದ ತಾನಾಗಿಯೇ ಕೂಡಿಕೊಳ್ಳುವ ಹಬ್‌ಗಳ ವಿಚಾರ ಬೇರೆ. ಅವು ಇಲ್ಲಿ ಬರುವುದಿಲ್ಲ.

ಪ್ರಶ್ನೆ: ನಮ್ಮದು ಕಾಲುವೆ ನೀರಿನ ಭತ್ತದ ಗದ್ದೆ. ಹೋದ ವರ್ಷ ಬದುವಿನ ಕೆಸರಿನಲ್ಲಿ ಜೀಪು ಹೂತಾಗ ಎರಡೂ ಮುಂದಿನ ಗಾಲಿಗಳ ಡಯಲನ್ನು ‘ಲಾಕ್’ಗೆ ತಿರುಗಿಸಿ, ಒಳಗಿನ ನಾಲ್ಕು ಗಾಲಿಯ ಲಿವರ್ ಅನ್ನೂ ಹಾಕಿದೆ. ಆದರೂ ಹಿಂದಿನ ಗಾಲಿಗಳಷ್ಟೇ ತಿರುಗಿದವು. ಯಾವ ಬದಿಯ ಹಬ್ ಕೆಟ್ಟಿದೆ ಎಂದು ಬಿಚ್ಚದೆ ತಿಳಿಯಬಹುದೇ?
(ರೈತರೊಬ್ಬರು, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ)

ಉತ್ತರ: ತಿಳಿಯಬಹುದು, ಅದಕ್ಕೆ ಒಂದು ಜಾಕ್ ಸಾಕು. ಆದರೆ ಪರೀಕ್ಷೆಯ ಅರ್ಥ ಮನಸ್ಸಿಗೆ ಹತ್ತಬೇಕಾದರೆ ಹಬ್ಬಿನೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಎಂಜಿನ್ನಿನ ಶಕ್ತಿ ಟ್ರಾನ್ಸ್‌ಫರ್ ಕೇಸಿನಿಂದ (ಮುಂದಿನ, ಹಿಂದಿನ ಗಾಲಿಗಳಿಗೆ ಬಲ ಹಂಚುವ ಪೆಟ್ಟಿಗೆ) ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ, ಅಲ್ಲಿಂದ ಡಿಫರೆನ್ಷಿಯಲ್‌ಗೆ (ಎಡಬಲದ ಗಾಲಿಗಳಿಗೆ ಬಲ ಹಂಚುವ ಗೇರುಗಳ ಜೋಡಣೆ), ಅಲ್ಲಿಂದ ಎಡಬಲದ ಆಕ್ಸಲ್ ಶಾಫ್ಟುಗಳಿಗೆ ಬರುತ್ತದೆ. ಆಕ್ಸಲ್ ಶಾಫ್ಟಿನ ತುದಿಗೂ ಗಾಲಿಗೂ ನಡುವೆ ಇರುವ ಕೊನೆಯ ಕೊಂಡಿಯೇ ಹಬ್ ಲಾಕ್. ಅದರೊಳಗೆ ಹಲ್ಲುಗಳಿರುವ ಒಂದು ಉಂಗುರ ಹಿಂದೆ ಮುಂದೆ ಸರಿಯುತ್ತದೆ; ಡಯಲನ್ನು ‘ಲಾಕ್’ಗೆ ತಂದಾಗ ಉಂಗುರ ಸರಿದು ಶಾಫ್ಟನ್ನೂ ಗಾಲಿಯನ್ನೂ ಒಂದಾಗಿ ಹಿಡಿಯುತ್ತದೆ, ‘ಫ್ರೀ’ಗೆ ತಂದಾಗ ಹಿಂದೆ ಸರಿದು ಗಾಲಿಯನ್ನು ಬೇರಿಂಗಿನ ಮೇಲೆ ತನ್ನಷ್ಟಕ್ಕೆ ಉರುಳಲು ಬಿಡುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಯಾವ ಬದಿ ಹಗುರವೋ ಆ ಬದಿಗೆ ತಿರುಗುವುದರಿಂದ, ಎರಡರಲ್ಲಿ ಒಂದೇ ಒಂದು ಹಬ್ ಕೂಡಿಕೊಳ್ಳದಿದ್ದರೂ ಶಾಫ್ಟು ಆ ಬದಿಯಲ್ಲಿ ಬರಿದೇ ಸುತ್ತುತ್ತದೆಯೇ ಹೊರತು ಇನ್ನೊಂದು ಗಾಲಿಗೆ ಬಲ ಸಿಗುವುದಿಲ್ಲ. ನಿಮ್ಮ ಎರಡು ಹಬ್‌ಗಳಲ್ಲಿ ಒಂದು ಚೆನ್ನಾಗಿಯೇ ಇರಬಹುದು ಎಂದು ಹೇಳುವುದು ಈ ಕಾರಣಕ್ಕೆ.

ಈಗ ಪರೀಕ್ಷೆ. ಗಟ್ಟಿಯಾದ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆಯಿರಿ. ಎಂಜಿನ್ ಆರಿಸಿ ಗಾಡಿಯನ್ನು ಮೊದಲನೇ ಗೇರಿನಲ್ಲಿ ಇಟ್ಟು, ಟ್ರಾನ್ಸ್‌ಫರ್ ಲಿವರ್ ಅನ್ನು ನಾಲ್ಕು ಗಾಲಿಯ ಸ್ಥಾನಕ್ಕೆ ಹಾಕಿ, ಎರಡೂ ಡಯಲ್‌ಗಳನ್ನು ‘ಲಾಕ್’ಗೆ ತನ್ನಿ. ಒಂದು ಮುಂದಿನ ಗಾಲಿಯನ್ನು ಮಾತ್ರ ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ ನೋಡಿ. ಎರಡೂ ಹಬ್ ಕೂಡಿಕೊಂಡಿದ್ದರೆ ಗಾಲಿ ಸ್ವಲ್ಪ ಸಡಿಲದಷ್ಟು ಅಲುಗಾಡಿ ಅಲ್ಲಿಗೇ ನಿಲ್ಲುತ್ತದೆ. ನಿಲ್ಲದೆ ತಿರುಗಿತೆಂದರೆ ಒಂದು ಹಬ್ ಸೋತಿದೆ. ತಿರುಗುವ ಗಾಲಿ ಹಗುರವಾಗಿ ಉರುಳಿದರೆ ಎತ್ತಿದ ಬದಿಯ ಹಬ್ಬೇ ಹಿಡಿಯುತ್ತಿಲ್ಲ. ಎಣ್ಣೆಯಲ್ಲಿ ಗೇರು ಹೊರಳುವ ಭಾರ ಕೈಗೆ ತಿಳಿಯುವಂತೆ ತಿರುಗಿದರೆ ದೋಷ ನೆಲದ ಮೇಲಿರುವ ಬದಿಯಲ್ಲಿದೆ. ಅನುಮಾನ ಉಳಿದರೆ ಎತ್ತಿದ ಗಾಲಿಯ ಡಯಲನ್ನು ‘ಫ್ರೀ’ಗೂ ‘ಲಾಕ್’ಗೂ ಬದಲಿಸಿ ಎರಡರ ಭಾರ ಹೋಲಿಸಿ ನೋಡಿ. ಗಾಲಿ ಜಾಕಿನ ಮೇಲಿರುವಾಗ ಯಾವ ಕಾರಣಕ್ಕೂ ಎಂಜಿನ್ ಚಾಲೂ ಮಾಡಬೇಡಿ, ಕೈಕಾಲುಗಳನ್ನು ಗಾಡಿಯ ಕೆಳಗೆ ಇಡಬೇಡಿ.

ಇನ್ನೊಂದು ಮಾತು. ಹಬ್‌ಗಳು ‘ಫ್ರೀ’ ಇರುವಾಗ, ಅಥವಾ ಒಂದು ಕೆಟ್ಟಿರುವಾಗ, ಲೋ ಗೇರಿನಲ್ಲಿ ಬಲವಂತವಾಗಿ ಎಳೆದರೆ ನಾಲ್ಕು ಗಾಲಿಗೆ ಹಂಚಿಹೋಗಬೇಕಾದ ಬಲವೆಲ್ಲ ಹಿಂದಿನ ಆಕ್ಸಲ್ ಒಂದರ ಮೇಲೆಯೇ ಬೀಳುತ್ತದೆ. ಗದ್ದೆಯಲ್ಲಿ ಹಿಂದಿನ ಆಕ್ಸಲ್ ಮುರಿದ ಜೀಪು ತಂದವರಿಗೆ ನಾನು ಮೊದಲು ಕೇಳುವುದು ಮುಂದಿನ ಡಯಲ್‌ಗಳು ಎಲ್ಲಿದ್ದವು ಎಂದೇ.

ಪ್ರಶ್ನೆ: ಡಯಲ್ ಎಷ್ಟು ತಿರುಗಿಸಿದರೂ ಅಲುಗಾಡದಿದ್ದಾಗ ಇಕ್ಕಳದಿಂದ ತಿರುಗಿಸಿದೆ. ಎರಡು ಸಲ ಕೆಲಸ ಮಾಡಿತು, ಮೂರನೆಯ ಸಲ ಹಿಡಿಕೆಯೇ ಮುರಿಯಿತು. ಗ್ಯಾರೇಜಿನಲ್ಲಿ ಹಬ್ ತುಂಬ ಗ್ರೀಸು ತುಂಬಿಸಿಕೊಂಡಿದ್ದೆ. ಮತ್ತೆ ಏಕೆ ಹೀಗಾಯಿತು?
(ಬೀದರ್ ನಗರದ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲಿಯೇ ಉತ್ತರ ಇದೆ. ಗಾಲಿಯ ಬೇರಿಂಗಿಗೆ ಗ್ರೀಸು ಒತ್ತಿ ತುಂಬುವುದು ಸರಿಯಾದ ಪದ್ಧತಿ; ಹಬ್ ಲಾಕಿಗೆ ಅದೇ ಪದ್ಧತಿ ಹಾನಿ. ಒಳಗಿನ ಉಂಗುರ ಸರಿಯಬೇಕಾದ ಜಾಗವನ್ನೆಲ್ಲ ಗ್ರೀಸು ಆಕ್ರಮಿಸಿಕೊಂಡರೆ ಉಂಗುರವನ್ನು ತಳ್ಳುವ ಪುಟ್ಟ ಸ್ಪ್ರಿಂಗಿಗೆ ಆ ಗಟ್ಟಿ ಮುದ್ದೆಯನ್ನು ಜರುಗಿಸುವ ಶಕ್ತಿ ಇರುವುದಿಲ್ಲ. ಬೀದರಿನ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಗ್ರೀಸು ಇನ್ನಷ್ಟು ಬಿಗಿಯಾಗುತ್ತದೆ. ಹೀಗೆ ಹಳೆಯ ಗ್ರೀಸು ತುಂಬಿಸಿಟ್ಟ ಹಬ್ಬನ್ನು ಬಿಚ್ಚಿದಾಗ ಭಾಗಗಳು ಒಂದೂ ಸವೆಯದೆ, ಗ್ರೀಸಿನಲ್ಲಿ ಹೂತುಕೊಂಡಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಗಾಡಿಗಳ ಯಜಮಾನರು ಹೊಸ ಹಬ್ ಕೊಳ್ಳಲು ಸಿದ್ಧರಾಗಿ ಬಂದಿದ್ದರು.

ಬಿಚ್ಚುವ ಕೆಲಸವನ್ನು ಪಾನಾ ಹಿಡಿದು ಅಭ್ಯಾಸವಿರುವ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಮುಗಿಸಬಹುದು. ಮೊದಲು ಹಬ್ಬಿನ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ಕೆರೆದು ಒರೆಸಿ, ಇಲ್ಲದಿದ್ದರೆ ಬಿಚ್ಚಿದ ಕ್ಷಣವೇ ಕಪ್ಪು ಎರೆಮಣ್ಣು ಒಳಗೆ ಬೀಳುತ್ತದೆ. ಡಯಲನ್ನು ‘ಫ್ರೀ’ಗೆ ತಂದು, ಮುಚ್ಚಳಕ್ಕೂ ಹಬ್ಬಿಗೂ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ನಂತರ ಮುಚ್ಚಳದ ಸಣ್ಣ ಬೋಲ್ಟುಗಳನ್ನು ಎದುರುಬದುರಾಗಿ ಸಡಿಲಿಸಿ ತೆಗೆಯಿರಿ. ಒಳಗೆ ಶಾಫ್ಟಿನ ತುದಿಯಲ್ಲಿ ಒಂದು ಸರ್ಕ್ಲಿಪ್ (ಬಾಯಿ ಬಿಟ್ಟ ಸ್ಪ್ರಿಂಗ್ ಉಕ್ಕಿನ ಬಳೆ) ಕಾಣುತ್ತದೆ. ಅದನ್ನು ಸರ್ಕ್ಲಿಪ್ ಇಕ್ಕಳದಿಂದಲೇ ತೆಗೆಯಿರಿ. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ಅದು ಹಾರಿ ಕಣ್ಣಿಗೆ ಬಡಿಯಬಹುದು, ಬಗ್ಗಿದರೆ ಮತ್ತೆ ಗಟ್ಟಿಯಾಗಿ ಕೂಡುವುದಿಲ್ಲ. ತೆಗೆದ ಪ್ರತಿ ಭಾಗವನ್ನೂ ತೆಗೆದ ಕ್ರಮದಲ್ಲಿಯೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು ಒಂದು ಫೋಟೋ ತೆಗೆದುಕೊಳ್ಳಿ, ಏಕೆಂದರೆ ಸ್ಪ್ರಿಂಗ್ ಯಾವ ಬದಿಗೆ ಮುಖ ಮಾಡಿತ್ತು ಎಂಬುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಇನ್ನೂ ಒಳಗೆ ಕಾಣುವ ದೊಡ್ಡ ನಟ್ಟುಗಳು ಗಾಲಿಯ ಬೇರಿಂಗಿನ ಬಿಗುವನ್ನು ಕಾಪಾಡುವಂಥವು. ಬೇರಿಂಗಿನ ಕೆಲಸ ಗೊತ್ತಿಲ್ಲದಿದ್ದರೆ ಅವುಗಳ ತಂಟೆಗೆ ಹೋಗಬೇಡಿ.

ಭಾಗಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ. ಪೆಟ್ರೋಲ್ ಬೇಡ, ಅದರ ಆವಿ ಬೇಗ ಬೆಂಕಿ ಹಿಡಿಯುತ್ತದೆ. ಉಂಗುರದ ಹಲ್ಲುಗಳ ಅಂಚನ್ನು ಬೆರಳಿನಿಂದ ಸವರಿ ನೋಡಿ: ಅಂಚು ಚೌಕವಾಗಿದ್ದರೆ ಒಳ್ಳೆಯದು, ಗುಂಡಗಾಗಿದ್ದರೆ ಭಾರ ಬಿದ್ದಾಗ ಜಾರುತ್ತದೆ. ಸ್ಪ್ರಿಂಗ್ ಕುಗ್ಗಿದೆಯೇ, ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಬಿರಿದಿದೆಯೇ ನೋಡಿ. ಎಲ್ಲವೂ ಸರಿಯಿದ್ದರೆ ಲಿಥಿಯಂ ಗ್ರೀಸನ್ನು ಬೆರಳ ತುದಿಗೆ ತೆಗೆದುಕೊಂಡು, ಲೋಹದ ಹೊಳಪು ಮಾತ್ರ ಮುಚ್ಚುವಷ್ಟು ತೆಳ್ಳಗೆ ಸವರಿ. ರೊಟ್ಟಿಗೆ ಎಣ್ಣೆ ಸವರಿದಂತೆ ಎಂದರೆ ನಿಮಗೆ ಅಳತೆ ತಿಳಿಯುತ್ತದೆ. ಕಾಗದದ ಗ್ಯಾಸ್ಕೆಟ್ ಹೊಸದು ಹಾಕಿ. ಅದರ ಬದಲು ಸಿಲಿಕಾನ್ ಅಂಟನ್ನು ಧಾರಾಳವಾಗಿ ಹಚ್ಚುವವರಿದ್ದಾರೆ. ಒಳಕ್ಕೆ ಹಿಂಡಿದ ಅಂಟು ಒಣಗಿ ಕಳಚಿ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಮುಚ್ಚಳವನ್ನು ‘ಫ್ರೀ’ ಸ್ಥಾನದಲ್ಲಿಯೇ ಗೆರೆಗೆ ಗೆರೆ ಕೂಡಿಸಿ ಇಡಿ. ಬಿಗಿಯುವ ಅಳತೆ ನಿಮ್ಮ ಗಾಡಿಯ ಕೈಪಿಡಿಯಲ್ಲಿದ್ದರೆ ಅದನ್ನೇ ಪಾಲಿಸಿ. 6 ಮಿಲಿಮೀಟರಿನ ಬೋಲ್ಟು ಸುಮಾರು 10 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಬಿಗಿಯನ್ನು ಬೇಡುವುದಿಲ್ಲ, ಉದ್ದನೆಯ ಪಾನಾಕ್ಕೆ ಮೈಭಾರ ಹಾಕಿದರೆ ಅಲ್ಯೂಮಿನಿಯಂ ದೇಹದೊಳಗಿನ ತಿರುಪಿನ ಎಳೆ ಹರಿಯುತ್ತದೆ. ಮುಗಿದ ಮೇಲೆ ಡಯಲನ್ನು ಹತ್ತಾರು ಸಲ ಕೈಯಿಂದ ತಿರುಗಿಸಿ ನೋಡಿ.

ಇನ್ನು ಇಕ್ಕಳದ ವಿಚಾರ. ಡಯಲ್ ಕೈಗೆ ಸಿಗದಿರಲು ಗ್ರೀಸಿನಂತೆ ಇನ್ನೆರಡು ಕಾರಣಗಳೂ ಇವೆ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿದ್ದರೆ ಗಾಡಿಯನ್ನು ಒಂದು ಮೊಳ ಮುಂದೆ ತಳ್ಳಿದರೆ ಸಾಕು, ಉಂಗುರ ತಾನೇ ಕೂಡುತ್ತದೆ. ನಾಲ್ಕು ಗಾಲಿಯಲ್ಲಿ ಗಟ್ಟಿನೆಲದ ಮೇಲೆ ಓಡಿಸಿದ್ದರೆ, ತಿರುವುಗಳಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗುವುದರಿಂದ ಶಾಫ್ಟುಗಳಲ್ಲಿ ತಿರುಚು ಉಳಿದು ಉಂಗುರವನ್ನು ಅದುಮಿ ಹಿಡಿದಿರುತ್ತದೆ. ಲಿವರ್ ಅನ್ನು ಎರಡು ಗಾಲಿಗೆ ತಂದು, ಕೆಲವು ಅಡಿ ಹಿಂದಕ್ಕೆ ನೇರವಾಗಿ ಓಡಿಸಿದರೆ ಆ ಬಿಗುವು ಬಿಡುತ್ತದೆ. ಕೈಬೆರಳಿಗೆ ಸಿಗದ ಡಯಲ್ ಒಳಗಿನ ತೊಂದರೆಯೊಂದನ್ನು ಹೇಳುತ್ತಿರುತ್ತದೆ, ಇಕ್ಕಳ ಹಿಡಿದರೆ ಆ ಮಾತು ಕೇಳಿಸುವುದಿಲ್ಲ.

ಪ್ರಶ್ನೆ: ನಾನು ಕಲಬುರಗಿ ನಗರದಲ್ಲಿ ವಾಸಿಸುತ್ತೇನೆ. ವರ್ಷಕ್ಕೆ ಒಂದೆರಡು ಸಲ ಚಿಂಚೋಳಿಯ ಕಾಡಿನ ಕಡೆಗೆ ಹೋಗುವಾಗ ಮಾತ್ರ ಹಬ್ ಲಾಕ್ ಮಾಡುತ್ತೇನೆ. ಉಳಿದ ದಿನ ‘ಫ್ರೀ’ಯಲ್ಲಿಯೇ ಇಡುವುದು ಸರಿಯಲ್ಲವೇ?

ಉತ್ತರ: ಅಷ್ಟು ಸರಿಯಲ್ಲ. ‘ಫ್ರೀ’ಯಲ್ಲಿ ಓಡುವಾಗ ಮುಂದಿನ ಶಾಫ್ಟು, ಡಿಫರೆನ್ಷಿಯಲ್, ಜಾಯಿಂಟುಗಳು ಸುಮ್ಮನೆ ನಿಂತಿರುತ್ತವೆ. ಸವೆತ ಕಡಿಮೆ, ಇಂಧನ ಸ್ವಲ್ಪ ಉಳಿತಾಯ ಎಂಬುದು ನಿಜವಾದರೂ, ಡಿಫರೆನ್ಷಿಯಲ್‌ನ ಎಣ್ಣೆ ಗೇರು ತಿರುಗಿ ಎರಚಿದಾಗ ಮಾತ್ರ ಮೇಲಿನ ಬೇರಿಂಗುಗಳನ್ನೂ ಸೀಲುಗಳನ್ನೂ ತಲುಪುತ್ತದೆ. ತಿಂಗಳುಗಟ್ಟಲೆ ನಿಂತರೆ ಸೀಲುಗಳ ತುಟಿ ಒಣಗುತ್ತದೆ, ಜಾಯಿಂಟುಗಳಲ್ಲಿ ಗ್ರೀಸು ಒಂದೇ ಕಡೆ ನಿಂತು ಇನ್ನೊಂದು ಕಡೆ ತುಕ್ಕು ಹಿಡಿಯುತ್ತದೆ. ತಿಂಗಳಿಗೆ ಒಮ್ಮೆ ಎರಡೂ ಹಬ್ ಲಾಕ್ ಮಾಡಿ, ಲಿವರ್ ಅನ್ನು ಎರಡು ಗಾಲಿಯ ಸ್ಥಾನದಲ್ಲಿಯೇ ಬಿಟ್ಟು, 15-16 ಕಿಲೋಮೀಟರ್ ಓಡಿಸಿ. ಡಾಂಬರಿನ ಮೇಲೆಯೂ ಇದರಿಂದ ಹಾನಿಯಿಲ್ಲ, ಏಕೆಂದರೆ ಹಿಂದಿನ ಗಾಲಿಗಳೊಡನೆ ಮುಂದಿನವು ಇನ್ನೂ ಕೂಡಿಕೊಂಡಿರುವುದಿಲ್ಲ. ಅದೇ ಕಾರಣಕ್ಕೆ ಮಳೆಗಾಲದುದ್ದಕ್ಕೂ ಹಬ್‌ಗಳನ್ನು ಲಾಕ್ ಮಾಡಿಯೇ ಇಟ್ಟು, ಕೆಸರು ಎದುರಾದಾಗ ಒಳಗಿನಿಂದ ಲಿವರ್ ಹಾಕುವ ರೈತರ ರೂಢಿ ನನಗೆ ಒಪ್ಪಿಗೆಯೇ. ಮೊಣಕಾಲುದ್ದ ಎರೆಯಲ್ಲಿ ಇಳಿದು ಡಯಲ್ ಹುಡುಕುವುದಕ್ಕಿಂತ ಅದು ಎಷ್ಟೋ ಮೇಲು.

ಪ್ರಶ್ನೆ: ಭೀಮಾ ನದಿಯ ದಂಡೆಯಲ್ಲಿ ನಮ್ಮ ಹೊಲ. ಮಳೆಗಾಲದಲ್ಲಿ ಹಳ್ಳ ದಾಟುವಾಗ ಹಬ್ಬು ಮುಳುಗುವಷ್ಟು ನೀರು ಇರುತ್ತದೆ. ದಾಟಿದ ಮೇಲೆ ಏನು ನೋಡಬೇಕು?
(ಜೇವರ್ಗಿ ತಾಲ್ಲೂಕಿನ ಓದುಗರು)

ಉತ್ತರ: ಮೊದಲು, ಹರಿಯುವ ನೀರಿನ ಆಳ ತಿಳಿಯದೆ ಇಳಿಯಬೇಡಿ, 2020ರ ಅಕ್ಟೋಬರ್‌ನಲ್ಲಿ ಭೀಮೆ ಊರೊಳಕ್ಕೆ ಬಂದಿದ್ದನ್ನು ನಿಮ್ಮ ಭಾಗದವರಿಗೆ ನಾನು ನೆನಪಿಸಬೇಕಿಲ್ಲ. ದೂರ ಓಡಿ ಬಂದ ಹಬ್ ಬಿಸಿಯಾಗಿರುತ್ತದೆ. ಅದು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಬಿರಿದ ಓ-ರಿಂಗಿನ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಾಟುವ ಮುನ್ನ ಹತ್ತು ನಿಮಿಷ ನಿಲ್ಲಿಸಿ ಆರಲು ಬಿಟ್ಟರೆ ಈ ಅಪಾಯ ಕಡಿಮೆಯಾಗುತ್ತದೆ.

ಆಮೇಲೆ ಅದೇ ವಾರದಲ್ಲಿ ಒಂದು ಬದಿಯ ಮುಚ್ಚಳವನ್ನಾದರೂ ತೆಗೆದು ನೋಡಿ. ಗ್ರೀಸು ತನ್ನ ಬಣ್ಣದಲ್ಲಿಯೇ ಇದ್ದರೆ ಮುಚ್ಚಿಬಿಡಿ. ಹಾಲು ಬೆರೆಸಿದ ಚಹಾದಂತೆ ಕಂಡರೆ ನೀರು ಸೇರಿದೆ. ಆಗ ಎರಡೂ ಹಬ್ಬು ತೊಳೆದು, ಓ-ರಿಂಗ್ ಮತ್ತು ಗ್ಯಾಸ್ಕೆಟ್ ಬದಲಿಸಿ, ಹಬ್ಬಿನ ಹಿಂಬದಿಗಿರುವ ಗಾಲಿ ಬೇರಿಂಗಿನ ಗ್ರೀಸನ್ನೂ ಪರೀಕ್ಷಿಸಿ, ಏಕೆಂದರೆ ನೀರು ಹಬ್ಬಿನಲ್ಲಿಯೇ ನಿಲ್ಲುವುದಿಲ್ಲ. ಆಕ್ಸಲ್ ಕೊಳವೆಯ ಮೇಲಿನ ಬ್ರೀದರ್ (ಒಳಗಿನ ಗಾಳಿ ಆಡಲು ಇರುವ ಸಣ್ಣ ಕಿಂಡಿ) ಮುಳುಗಿದ್ದರೆ ಡಿಫರೆನ್ಷಿಯಲ್‌ನ ಎಣ್ಣೆಯ ಬಣ್ಣವನ್ನೂ ಹಾಗೆಯೇ ನೋಡಿ. ಎರೆಮಣ್ಣಿನ ಕೆಸರು ಮಾಮೂಲಿ ಕೆಸರಿನಂತಲ್ಲ; ಅದರ ಜೇಡಿ ನೀರು ಹೀರಿ ಉಬ್ಬಿ, ಒಣಗಿದಾಗ ಗಾರೆಯಂತೆ ಡಯಲ್ ಸುತ್ತಲಿನ ಸಂದಿಯನ್ನು ಕಟ್ಟಿಬಿಡುತ್ತದೆ. ಹಸಿಯಿರುವಾಗಲೇ ಬಕೆಟ್ ನೀರಿನಿಂದ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಒತ್ತಡದ ಪೈಪನ್ನು ಮಾತ್ರ ನೇರವಾಗಿ ಡಯಲ್ ಮೇಲೆ ಹಿಡಿಯಲು ಬಿಡಬೇಡಿ.

ಪ್ರಶ್ನೆ: ಏರು ಹತ್ತುವಾಗ ಮುಂದಿನ ಗಾಲಿಯಿಂದ ‘ಕಟ್ ಕಟ್’ ಸದ್ದು ಬಂದು ಜೀಪು ಜಗ್ಗುತ್ತದೆ.
(ಸುರಪುರ)

ಉತ್ತರ: ನೇರ ಏರಿನಲ್ಲಿ ಭಾರ ಬಿದ್ದಾಗ ಬಂದರೆ ಉಂಗುರದ ಹಲ್ಲು ಜಾರುತ್ತಿರಬಹುದು; ಸ್ಟಿಯರಿಂಗ್ ತಿರುಗಿಸಿದಾಗ ಹೆಚ್ಚಾದರೆ ಜಾಯಿಂಟ್ ನೋಡಿಸಿ. ಜಾರುವ ಹಬ್ಬಿನಲ್ಲಿ ಮುಂದುವರಿದರೆ ಉಳಿದ ಹಲ್ಲುಗಳೂ ಹೋಗುತ್ತವೆ. ಎರಡೂ ಬದಿಯವನ್ನು ಜೊತೆಯಾಗಿ ಬದಲಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ತಂದೆಯವರ ಕಾಲದ ಜೀಪಿನಲ್ಲಿ ಹಬ್ ಲಾಕ್ ಇಲ್ಲ, ಗಾಲಿಯ ನಡುವೆ ಶಾಫ್ಟನ್ನೂ ಗಾಲಿಯನ್ನೂ ಸದಾ ಕೂಡಿಸಿಡುವ ಬರೀ ಒಂದು ಉಕ್ಕಿನ ಫ್ಲ್ಯಾಂಜ್ (ಬಿಲ್ಲೆ) ಇದೆ. ಹಬ್ ಕೂಡಿಸಬಹುದೇ?
(ಸೇಡಂನ ಓದುಗರು)

ಉತ್ತರ: ಕೂಡಿಸಬಹುದು, ಮತ್ತು ಹಬ್ ಲಾಕ್ ಹುಟ್ಟಿದ್ದೇ ಇಂಥ ಜೀಪುಗಳಿಗಾಗಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಉಳಿದ ಸೈನ್ಯದ ಜೀಪುಗಳನ್ನು ರಸ್ತೆಯ ಬಳಕೆಗೆ ಹೊಂದಿಸಲು ಆರ್ಥರ್ ವಾರ್ನ್ ಎಂಬುವರು 1948ರಲ್ಲಿ ಇದನ್ನು ತಯಾರಿಸತೊಡಗಿದರು. ಕೊಳ್ಳುವ ಮುನ್ನ ಫ್ಲ್ಯಾಂಜ್ ಬಿಚ್ಚಿ ಶಾಫ್ಟಿನ ತುದಿಯ ಸ್ಪ್ಲೈನ್ ಹಲ್ಲುಗಳನ್ನು ಎಣಿಸಿ. ಹಳೆಯ ಜೀಪುಗಳಲ್ಲಿ 10 ಹಲ್ಲಿನವೂ ಇವೆ, ಆಮೇಲೆ ಬಂದವುಗಳಲ್ಲಿ 27 ಹಲ್ಲಿನವೂ ಇವೆ, ಒಂದರ ಹಬ್ ಇನ್ನೊಂದಕ್ಕೆ ಕೂಡುವುದಿಲ್ಲ. ಬೋಲ್ಟಿನ ತೂತುಗಳ ಸಂಖ್ಯೆಯನ್ನೂ ಹೊಂದಿಸಿ ನೋಡಿ. ಬಿಚ್ಚಿದ ಆ ಎರಡು ಉಕ್ಕಿನ ಫ್ಲ್ಯಾಂಜುಗಳನ್ನು ಗುಜರಿಗೆ ಕೊಡದೆ, ಗ್ರೀಸು ಸವರಿ, ಬಟ್ಟೆಯಲ್ಲಿ ಸುತ್ತಿ, ಒಂದು ಸರ್ಕ್ಲಿಪ್ ಇಕ್ಕಳ ಮತ್ತು ನಾಲ್ಕು ಬೋಲ್ಟುಗಳೊಂದಿಗೆ ಸೀಟಿನ ಕೆಳಗೆ ಇಟ್ಟುಕೊಳ್ಳಿ. ತೊಗರಿ ರಾಶಿಯ ದಿನಗಳಲ್ಲಿ ಹೊಲದ ನಡುವೆ ಹಬ್ ಒಡೆದರೆ, ಅದನ್ನು ಬಿಚ್ಚಿ ಹಳೆಯ ಫ್ಲ್ಯಾಂಜನ್ನೇ ಕೂಡಿಸಿ ಜೀಪನ್ನು ಅದರ ಸ್ವಂತ ಬಲದಲ್ಲಿ ಊರಿಗೆ ತರಬಹುದು.